ಅಮಲು ಇಳಿದ ಮೇಲೆ

ಸಂತ ಪೇತ್ರರು ತಮ್ಮ ಮೊದಲನೆಯ ಪತ್ರವನ್ನು ಮುಗಿಸುವ ಮುನ್ನ ವಿಶ್ವಾಸಿಗಳಿಗೆ ಎರಡು ಆಜ್ಞೆಗಳನ್ನು ಒಂದರ ಬೆನ್ನಿಗೊಂದು ಕೊಡುತ್ತಾರೆ. ಎರಡನೆಯದು ಎಚ್ಚರದಿಂದಿರಬೇಕೆಂಬುದು, ಅದು ಎಲ್ಲರಿಗೂ ತಿಳಿಯುವ ಮಾತು. ಮೊದಲನೆಯದಕ್ಕೆ ಗ್ರೀಕ್ ಮೂಲದಲ್ಲಿರುವ ಕ್ರಿಯಾಪದದ ನೇರ ಅರ್ಥ ‘ಮದ್ಯವಿಲ್ಲದೆ ಇರು’ ಎಂದು. ಆದರೆ ನಮ್ಮ ಹಳೆಯ ಕನ್ನಡ ಸತ್ಯವೇದದ ಅನುವಾದಕರು ಅಲ್ಲಿ ‘ಕುಡಿಯಬೇಡಿ’ ಎಂದು ಬರೆಯಲಿಲ್ಲ. ‘ಸ್ವಸ್ಥಚಿತ್ತ’ ಎಂಬ ಪದವನ್ನು ಆರಿಸಿಕೊಂಡರು. ಮೇಲ್ನೋಟಕ್ಕೆ ಇದು ಮೂಲದಿಂದ ದೂರ ಸರಿದ ಅನುವಾದದಂತೆ ಕಾಣುತ್ತದೆ. ಹಾಗಲ್ಲ, ಅವರು ಮೂಲದ ಒಳಕ್ಕೆ ಇಳಿದಿದ್ದರು ಎಂದು ನನಗೆ ಅನಿಸುತ್ತದೆ. ಕುಡಿಯದಿರುವುದು ಒಂದು, ಸ್ವಸ್ಥಚಿತ್ತನಾಗಿರುವುದು ಇನ್ನೊಂದು. ಇವೆರಡರ ನಡುವೆ ಇರುವ ದೂರವೆಷ್ಟು ಎಂಬುದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಮನೆಯ ಯಜಮಾನ ಕುಡಿತ ಬಿಟ್ಟು ಆರು ತಿಂಗಳಾದರೂ ಮಕ್ಕಳು ಇನ್ನೂ ಅವನ ಚಪ್ಪಲಿಯ ಸದ್ದಿಗೆ ಬೆಚ್ಚುವ ಕುಟುಂಬಗಳಿಗೆ ಈ ದೂರದ ಪರಿಚಯ ಚೆನ್ನಾಗಿಯೇ ಇದೆ.

ಕುಡಿದವನ ಸ್ಥಿತಿಯನ್ನು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವಿಲ್ಲ. ಅಮಲು, ಮತ್ತು, ನಿಶೆ, ಮದ, ಗುಂಗು ಎಂದು ಪಟ್ಟಿ ಬೆಳೆಯುತ್ತದೆ. ಏರಿದಾಗ ಒಂದು ಮಾತು, ಇಳಿದಾಗ ಇನ್ನೊಂದು ಮಾತು. ಜಿ.ಪಿ. ರಾಜರತ್ನಂ ಅವರ ‘ರತ್ನನ ಪದಗಳು’ ಕುಡುಕನಿಗೆ ಒಂದು ಹೆಸರನ್ನೂ ಅವನದೇ ಆದ ಒಂದು ನುಡಿಯನ್ನೂ ಕೊಟ್ಟಿತು. ಕುಡಿಯದೆ ಇರುವ ಸ್ಥಿತಿಗೆ ಮಾತ್ರ ಆಡುಮಾತಿನಲ್ಲಿ ಹೆಸರಿಲ್ಲ. ಸಂಜೆ ಬಾಗಿಲ ಬಳಿ ನಿಂತ ಹೆಂಡತಿ ನೆರೆಮನೆಯವಳಿಗೆ “ಇವತ್ತು ಸರಿಯಾಗಿದ್ದಾರೆ” ಎನ್ನುತ್ತಾಳೆ, ಇಲ್ಲವೆ “ಇವತ್ತು ನೆಟ್ಟಗೆ ಬಂದರು” ಎನ್ನುತ್ತಾಳೆ. ಒಮ್ಮೊಮ್ಮೆ ಬರಿಯ “ಇವತ್ತು ಏನೂ ಇಲ್ಲ” ಎಂಬಷ್ಟೇ ಮಾತು. ‘ಏನೂ ಇಲ್ಲ’ ಎಂಬುದೇ ಆ ಮನೆಯ ದೊಡ್ಡ ಶುಭವಾರ್ತೆ!

ಇದು ಕನ್ನಡವೊಂದರ ಬಡತನವಲ್ಲ. ಇಂಗ್ಲಿಷಿನ ‘ಸೋಬರ್’ ಎಂಬ ಪದ ಲ್ಯಾಟಿನ್ನಿನ ‘ಸೋಬ್ರಿಯುಸ್’ನಿಂದ ಬಂದದ್ದು, ಅದನ್ನು ಬಿಡಿಸಿದರೆ ‘ಅಮಲಿನಿಂದ ಹೊರತಾದವನು’ ಎಂದಾಗುತ್ತದೆ. ಗ್ರೀಕರು ನೇರಳೆ ಬಣ್ಣದ ಒಂದು ಹರಳನ್ನು ‘ಅಮೆಥಿಸ್ಟ್’ ಎಂದು ಕರೆದರು, ಎಂದರೆ ‘ಅಮಲೇರಿಸದ್ದು’ ಎಂದು. ಅದನ್ನು ಧರಿಸಿದವರಿಗೆ ಮದ್ಯ ತಲೆಗೇರದೆಂಬ ನಂಬಿಕೆ ಅವರಲ್ಲಿತ್ತು. ಧರ್ಮಾಧ್ಯಕ್ಷರ ಉಂಗುರದಲ್ಲಿ ಬಹುಕಾಲ ಇದೇ ಹರಳನ್ನು ಕೂರಿಸುತ್ತಿದ್ದರು. ಆ ಹೆಸರಿನಲ್ಲಿರುವ ‘ಮೆಥು’ ಎಂಬ ಗ್ರೀಕ್ ಪದವೂ ನಮ್ಮ ‘ಮಧು’ವೂ ಒಂದೇ ಬೇರಿನ ಚಿಗುರುಗಳು. ಹೀಗೆ ಎಲ್ಲ ಭಾಷೆಗಳೂ ಈ ಒಳ್ಳೆಯ ಸ್ಥಿತಿಯನ್ನು ಅದರ ವಿರುದ್ಧದ ಮೂಲಕವೇ ಗುರುತಿಸುತ್ತವೆ; ಆರೋಗ್ಯವೂ ಹೀಗೆಯೇ, ಹೋದ ಮೇಲೆಯೇ ನಮಗೆ ಅದರ ನೆನಪು. ಹಾಗಾಗಿ ಅಮಲಿನ ಪದಗಳನ್ನು ಮೊದಲು ಕೇಳಿಸಿಕೊಳ್ಳೋಣ. ಅವು ತಮ್ಮ ವಿರುದ್ಧವನ್ನೂ ಹೇಳಿಕೊಡುತ್ತವೆ.

‘ಅಮಲು’ ಅರಬ್ಬೀ ಮೂಲದ ಪದ. ಪಾರಸಿಯ ದಾರಿಯಾಗಿ ನಮ್ಮಲ್ಲಿಗೆ ಬಂದಿತು. ಅದರ ಮೊದಲ ಅರ್ಥ ಕೆಲಸ, ಕಾರ್ಯ, ಆಚರಣೆಗೆ ತರುವಿಕೆ. ಅದರಿಂದ ಆಡಳಿತ, ಅಧಿಕಾರ ಎಂಬ ಅರ್ಥಗಳು ಹುಟ್ಟಿದವು. ಹಳೆಯ ಮೈಸೂರು ಸಂಸ್ಥಾನದಲ್ಲಿ ತಾಲ್ಲೂಕಿನ ಅಧಿಕಾರಿಯನ್ನು ‘ಅಮಲ್ದಾರ’ ಎಂದೇ ಕರೆಯುತ್ತಿದ್ದರು. ನ್ಯಾಯಾಲಯದ ತೀರ್ಪನ್ನು ಜಾರಿಗೊಳಿಸುವ ಅರ್ಜಿಗೆ ‘ಅಮಲ್ಜಾರಿ’ ಅರ್ಜಿ ಎಂದು ವಕೀಲರು ಹೇಳುತ್ತಾರೆ. ಅದೇ ಪದ ಪದಾರ್ಥವೊಂದು ದೇಹದ ಮೇಲೆ ನಡೆಸುವ ‘ಕಾರ್ಯ’ಕ್ಕೂ ಸಂದು, ಕೊನೆಗೆ ಕುಡಿತದ ಪರಿಣಾಮಕ್ಕೆ ಹೆಸರಾಯಿತು. ಯಾವ ಪಂಡಿತನೂ ಕುಳಿತು ಯೋಚಿಸಿ ಈ ಅರ್ಥವನ್ನು ಕಟ್ಟಲಿಲ್ಲ. ಜನರ ನಾಲಗೆಯೇ ಕಟ್ಟಿತು. ಆದರೂ ಇದಕ್ಕಿಂತ ನಿಖರವಾದ ವಿವರಣೆಯನ್ನು ವೈದ್ಯರೂ ಕೊಡಲಾರರು. ಅಮಲೇರಿದವನ ಮೇಲೆ ಇನ್ನಾರದೋ ಅಮಲು ನಡೆಯುತ್ತಿದೆ. ಅವನ ಕಾಲು ಅವನ ಮಾತನ್ನು ಕೇಳದು. ಅವನ ನಾಲಗೆ ಅವನ ಹತೋಟಿಯಲ್ಲಿಲ್ಲ. ಜೇಬಿನ ಹಣವಂತೂ ಎಂದೋ ಪರರ ವಶವಾಗಿದೆ. ಮನೆಯಲ್ಲಿ ತಾನೇ ಯಜಮಾನನೆಂದು ಕೂಗಾಡುವವನ ಒಳಗೆ ಬೇರೊಬ್ಬ ಅಮಲ್ದಾರ ಕುಳಿತು ಕಂದಾಯ ವಸೂಲು ಮಾಡುತ್ತಿದ್ದಾನೆ. ಹಾಗಾದರೆ ಅಮಲು ಇಳಿದ ಮೇಲೆ ಕೇಳಬೇಕಾದ ಪ್ರಶ್ನೆ, ಬಾಟಲಿ ಎಲ್ಲಿದೆ ಎಂಬುದಷ್ಟೇ ಅಲ್ಲ. ತೆರವಾದ ಆ ಗಾದಿಯ ಮೇಲೆ ಈಗ ಯಾರು ಕುಳಿತಿದ್ದಾರೆ ಎಂಬುದು.

‘ನಿಶೆ’ ಎಂಬ ಪದದ ಕಥೆ ಚಿಕ್ಕದು. ಪಾರಸಿಯ ಮೂಲಕ ಬಂದ ‘ನಶಾ’ ಕನ್ನಡಿಗರ ಬಾಯಲ್ಲಿ ‘ನಿಶೆ’ಯಾಗಿ, ಇರುಳು ಎಂಬ ಅರ್ಥದ ಸಂಸ್ಕೃತ ಪದದೊಡನೆ ಬೆರೆತುಹೋಯಿತು. ಇದು ಆಕಸ್ಮಿಕ. ಆದರೆ ಸಂತ ಪೌಲರು ಥೆಸಲೋನಿಯದವರಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯವನ್ನು ಓದಿದವರಿಗೆ ಈ ಆಕಸ್ಮಿಕ ಸೋಜಿಗವೆನಿಸೀತು. ಅಲ್ಲಿ ಅವರು ಕುಡಿತವನ್ನು ಇರುಳಿನೊಡನೆಯೂ ಸ್ವಸ್ಥತೆಯನ್ನು ಹಗಲಿನೊಡನೆಯೂ ಜೋಡಿಸುತ್ತಾರೆ.

‘ಮದ’ ಇವೆಲ್ಲಕ್ಕಿಂತ ಹಳೆಯದು, ಆಳವಾದದ್ದು. ಸಂಸ್ಕೃತದ ‘ಮದ್’ ಧಾತುವಿಗೆ ಹಿಗ್ಗು, ಉಬ್ಬು, ಮೈಮರೆ ಎಂಬ ಅರ್ಥಗಳಿವೆ. ಮದ್ಯ, ಮತ್ತ, ಉನ್ಮಾದ ಇವೆಲ್ಲ ಅದರ ಸಂತಾನ. ಆದರೆ ಈ ಪದಕ್ಕೆ ಮದ್ಯವೇ ಬೇಕೆಂದಿಲ್ಲ. ಅರಿಷಡ್ವರ್ಗದಲ್ಲಿ ಐದನೆಯದಾಗಿ ಕುಳಿತಿರುವ ಮದ ಹೆಂಡದಂಗಡಿಯ ಕಡೆಗೆ ಮುಖ ಹಾಕಿಯೂ ಮಲಗದು. ಧನಮದ, ಕುಲಮದ, ವಿದ್ಯಾಮದ, ರೂಪಮದ ಎಂದು ನಮ್ಮ ಹಿರಿಯರು ಎಣಿಸುತ್ತಿದ್ದರು. ನಾವೂ ಆಡುವುದಿಲ್ಲವೇ? ಹೆಂಡ ತಲೆಗೇರಿತು ಎನ್ನುವಂತೆಯೇ ಅಧಿಕಾರ ತಲೆಗೇರಿತು ಎನ್ನುತ್ತೇವೆ, ದುಡ್ಡು ತಲೆಗೇರಿತು ಎನ್ನುತ್ತೇವೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ರಾಜ್ಯಪಾಲನಾದ ಫೆಸ್ತನು, ಪೌಲರಿಗೆ ಓದು ತಲೆಗೇರಿ ಹುಚ್ಚು ಹಿಡಿದಿದೆಯೆಂದು ತುಂಬಿದ ಸಭೆಯಲ್ಲಿ ಕೂಗುತ್ತಾನೆ. ಪೌಲರು ಅದಕ್ಕೆ ಕೊಟ್ಟ ಉತ್ತರದಲ್ಲಿ, ತಾವು ಆಡುತ್ತಿರುವುದು ಸತ್ಯದ ಮತ್ತು ‘ಸೋಫ್ರೊಸುನೆ’ಯ ಮಾತುಗಳೆನ್ನುತ್ತಾರೆ. ಈ ಗ್ರೀಕ್ ಪದದ ಬಳಿಗೆ ಮುಂದೆ ಬರುತ್ತೇನೆ.

‘ಮದ್’ ಧಾತುವಿಗೆ ‘ಪ್ರ’ ಎಂಬ ಉಪಸರ್ಗ ಸೇರಿದರೆ ‘ಪ್ರಮಾದ’. ಇಂದು ಪತ್ರಿಕೆಗಳಲ್ಲಿ ಪ್ರಮಾದವೆಂದರೆ ತಪ್ಪು ಅಥವಾ ಅವಘಡ. ಅದರ ಮೊದಲಿನ ಅರ್ಥ ಮೈಮರೆವು, ಅಲಕ್ಷ್ಯ. ಬೌದ್ಧರ ಪಂಚಶೀಲದಲ್ಲಿ ಐದನೆಯದು ಸುರಾಪಾನವನ್ನು ಬಿಡಬೇಕೆಂಬ ಶೀಲ. ಕಾರಣವನ್ನೂ ಅದೇ ವಾಕ್ಯದಲ್ಲಿ ಹೇಳಿದೆ, ಏಕೆಂದರೆ ಅದು ಪ್ರಮಾದದ ನೆಲೆ. ‘ಧಮ್ಮಪದ’ದ ಎರಡನೆಯ ವರ್ಗಕ್ಕೆ ಇದರ ವಿರುದ್ಧವಾದ ‘ಅಪ್ರಮಾದ’ದ ಹೆಸರೇ ಇದೆ. ಜೈನರ ಗುಣಸ್ಥಾನಗಳಲ್ಲಿ ಆರನೆಯದು ಪ್ರಮತ್ತ ಸಂಯತ, ಏಳನೆಯದು ಅಪ್ರಮತ್ತ ಸಂಯತ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ: ಆರನೆಯ ಮೆಟ್ಟಿಲಿನಲ್ಲಿರುವವನು ಈಗಾಗಲೇ ವ್ರತಧಾರಿಯಾದ ಮುನಿ. ಮದ್ಯವನ್ನು ಎಂದೋ ತೊರೆದವನು. ಆದರೂ ಅವನು ಇನ್ನೂ ‘ಪ್ರಮತ್ತ’ನೇ! ಸಂಯಮವಿದೆ, ಎಚ್ಚರ ಪೂರ್ಣವಾಗಿಲ್ಲ. ಕುಡಿಯದಿರುವುದಕ್ಕೂ ಸ್ವಸ್ಥವಾಗಿರುವುದಕ್ಕೂ ನಡುವೆ ಒಂದು ಮೆಟ್ಟಿಲಿದೆಯೆಂದು ಕನ್ನಡ ನೆಲದ ಜೈನ ಗುರುಗಳು ಬಹು ಹಿಂದೆಯೇ ಕಲಿಸುತ್ತಿದ್ದರೆಂಬುದು ನಮಗೆ ಹೊಸ ವಿಷಯವಾಗಿರಬಹುದು; ಅನುಭವವಂತೂ ಹೊಸದಲ್ಲ.

ಇನ್ನು ನಮ್ಮ ದಿನನಿತ್ಯದ ‘ಹುಷಾರು’. ಇದನ್ನು ನಾನು ಕನ್ನಡದ ಭಾಗ್ಯವೆನ್ನುತ್ತೇನೆ. ಪಾರಸಿಯಲ್ಲಿ ‘ಹೋಶ್’ ಎಂದರೆ ಪ್ರಜ್ಞೆ. ‘ಹುಶಿಯಾರ್’ ಎಂದರೆ ಪ್ರಜ್ಞೆಯುಳ್ಳವನು. ಪಾರಸಿಯ ಕವಿಗಳು ಅಮಲೇರಿದವನಿಗೆ ಎದುರಾಗಿ ನಿಲ್ಲಿಸುವುದು ಈ ಹುಶಿಯಾರನನ್ನೇ. ಕನ್ನಡಕ್ಕೆ ಬಂದ ಮೇಲೆ ಈ ಪದ ಮೂರು ಕವಲೊಡೆಯಿತು. ಜ್ವರ ಬಂದವನಿಗೆ ‘ಹುಷಾರಿಲ್ಲ’ ಎನ್ನುತ್ತೇವೆ, ಆಗ ಅದು ಆರೋಗ್ಯ. ರಸ್ತೆ ದಾಟುವ ಮಗುವಿಗೆ ‘ಹುಷಾರು’ ಎನ್ನುತ್ತೇವೆ, ಆಗ ಅದು ಎಚ್ಚರ. ಲೆಕ್ಕದಲ್ಲಿ ಮುಂದಿರುವ ಹುಡುಗಿಯನ್ನು ‘ಬಹಳ ಹುಷಾರು’ ಎನ್ನುತ್ತೇವೆ, ಆಗ ಅದು ಬುದ್ಧಿ. ಆರೋಗ್ಯ, ಎಚ್ಚರ, ಬುದ್ಧಿ ಈ ಮೂರನ್ನೂ ಒಂದೇ ಪದದಲ್ಲಿ ಕೂಡಿಟ್ಟ ಭಾಷೆ ನಮ್ಮದು. ಅದರ ಮೂಲದ ಅರ್ಥ ಅಮಲಿಲ್ಲದ ಪ್ರಜ್ಞೆ ಎಂಬುದನ್ನು ಮಾತ್ರ ಮರೆತಿದೆ. ಪ್ರಯಾಣ ಹೊರಟ ಮಗನಿಗೆ “ಹುಷಾರಾಗಿ ಹೋಗಿ ಬಾ ಮಗಾ” ಎನ್ನುವ ತಾಯಿ ಸಂತ ಪೇತ್ರರ ಎರಡು ಆಜ್ಞೆಗಳನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿರುತ್ತಾಳೆ.

ಈಗ ಗ್ರೀಕ್ ಪದಗಳ ಬಳಿಗೆ ಬರೋಣ. ಹೊಸ ಒಡಂಬಡಿಕೆಯಲ್ಲಿ ಈ ವಿಷಯಕ್ಕೆ ಸಂಬಂಧಿಸಿದವು ಮುಖ್ಯವಾಗಿ ಮೂರು ಪದಕುಟುಂಬಗಳು. ಮೊದಲನೆಯದು ‘ನೇಫೊ’, ಪೇತ್ರರು ಬಳಸಿದ್ದು. ಇದರ ನೆಂಟನಾದ ‘ನೇಫಾಲಿಯೊಸ್’ ಎಂಬ ಪದವನ್ನು ಪ್ರಾಚೀನ ಗ್ರೀಕರು ದ್ರಾಕ್ಷಾರಸವಿಲ್ಲದೆ ನೀರು, ಹಾಲು, ಜೇನುಗಳಿಂದ ಅರ್ಪಿಸುತ್ತಿದ್ದ ನೈವೇದ್ಯಕ್ಕೆ ಬಳಸುತ್ತಿದ್ದರು. ತಿಮೊಥೇಯರಿಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷನಿಗೆ ಇರಬೇಕಾದ ಗುಣಗಳ ಪಟ್ಟಿಯಿದೆ. ಅದರಲ್ಲಿ ಈ ಪದವೂ ಬರುತ್ತದೆ, ‘ಸೋಫ್ರೋನ್’ ಎಂಬ ಪದವೂ ಬರುತ್ತದೆ. ಅದಾದ ಮೇಲೆ, ಬೇರೆಯಾಗಿ, ಅವನು ಮದ್ಯದ ಬಳಿ ಕುಳಿತಿರುವವನಾಗಬಾರದೆಂಬ ಮಾತೂ ಬರುತ್ತದೆ. ಮೊದಲನೆಯ ಪದಕ್ಕೆ ಕುಡಿಯದವನು ಎಂಬಷ್ಟೇ ಅರ್ಥವಿದ್ದಿದ್ದರೆ ಮೂರನೆಯದನ್ನು ಹೇಳುವ ಅಗತ್ಯವೇನಿತ್ತು? ಕುಡಿಯದಿದ್ದರೂ ಕೋಪದಿಂದಲೋ ಭಯದಿಂದಲೋ ಹೊಗಳಿಕೆಯಿಂದಲೋ ಮಂಕಾಗಿ ನಿರ್ಧಾರ ಕೈಗೊಳ್ಳುವ ನಾಯಕನಿರಬಹುದೆಂಬುದು ಆ ಪತ್ರವನ್ನು ಬರೆದವರಿಗೆ ಗೊತ್ತಿತ್ತು.

ಎರಡನೆಯದು ‘ಎಂಕ್ರಾತೆಯಾ’. ಅದರಲ್ಲಿ ಅಡಗಿರುವುದು ಬಲ, ಅಧಿಕಾರ ಎಂಬ ಅರ್ಥದ ಪದ. ಎಂದರೆ ತನ್ನ ಮೇಲೆ ತನಗಿರುವ ಅಮಲು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪವಿತ್ರಾತ್ಮರ ಫಲಗಳನ್ನು ಎಣಿಸುತ್ತ ಪೌಲರು ಕೊನೆಯಲ್ಲಿ ಇದನ್ನಿಡುತ್ತಾರೆ. ಹಳೆಯ ಕನ್ನಡ ಅನುವಾದ ಅದನ್ನು ‘ಶಮೆದಮೆ’ ಎಂದಿತು. ಶಮವೆಂದರೆ ಒಳಗಿನ ಕುದಿತ ತಾನೇ ಆರುವುದು. ದಮವೆಂದರೆ ಇಂದ್ರಿಯಗಳನ್ನು ಪಳಗಿಸುವುದು, ಹೋರಿಗೆ ಮೂಗುದಾರ ಹಾಕಿ ನೊಗಕ್ಕೆ ಒಗ್ಗಿಸಿದಂತೆ. ಬರಿಯ ದಮ ಸಾಲದೆಂದು ಆ ಅನುವಾದಕರಿಗೆ ಅನಿಸಿರಬೇಕು.

ಮೂರನೆಯದು ‘ಸೋಫ್ರೊಸುನೆ’. ‘ಸೋಸ್’ ಎಂದರೆ ಸುರಕ್ಷಿತ, ಕ್ಷೇಮ, ಊನವಿಲ್ಲದ್ದು. ‘ಫ್ರೇನ್’ ಎಂದರೆ ಮನಸ್ಸು. ಎರಡೂ ಕೂಡಿದರೆ ಊನವಿಲ್ಲದ ಮನಸ್ಸು. ‘ಸ್ವಸ್ಥಚಿತ್ತ’ ಎಂಬುದು ಇದರ ಪಡಿನೆರಳಿನಂತಿದೆ, ಆದರೆ ಒಂದು ಹೆಜ್ಜೆ ಮುಂದೆಯೂ ಹೋಗುತ್ತದೆ. ‘ಸ್ವ’ ಎಂದರೆ ತನ್ನಲ್ಲಿ, ‘ಸ್ಥ’ ಎಂದರೆ ನಿಂತವನು. ತನ್ನಲ್ಲಿ ತಾನು ನಿಂತವನು ಸ್ವಸ್ಥ. ಲೂಕರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಹಂದಿಗಳ ನಡುವೆ ಕುಳಿತ ಕಿರಿಯ ಮಗನ ಬದುಕು ತಿರುಗುವ ಗಳಿಗೆಯನ್ನು ಗ್ರೀಕ್ ಮೂಲ ‘ಅವನು ತನ್ನೊಳಕ್ಕೆ ಬಂದನು’ ಎಂಬ ಅರ್ಥದಲ್ಲಿ ಹೇಳುತ್ತದೆ. ತಂದೆಯ ಮನೆಗೆ ಹೊರಡುವ ಮುನ್ನ ಅವನು ಮರಳಬೇಕಾದ ಇನ್ನೊಂದು ಮನೆಯಿತ್ತು.

ಇದಕ್ಕೆ ನೇರ ಎದುರಾಗಿ ನಿಲ್ಲುವ ಪದ ‘ವ್ಯಸನ’. ಇದನ್ನು ಬಿಡಿಸಿದರೆ ‘ವಿ’ ಮತ್ತು ‘ಅಸನ’, ಅಸನವೆಂದರೆ ಎಸೆಯುವುದು. ಚೆಲ್ಲಾಪಿಲ್ಲಿಯಾಗಿ ಎಸೆಯಲ್ಪಟ್ಟ ಸ್ಥಿತಿಯೇ ವ್ಯಸನ. ಸಪ್ತವ್ಯಸನಗಳೆಂಬ ಮಾತಿನಲ್ಲಿ ಇದಕ್ಕೆ ದುಶ್ಚಟವೆಂಬ ಅರ್ಥ. ‘ವ್ಯಸನಪಡಬೇಡ’ ಎಂಬ ಮಾತಿನಲ್ಲಿ ದುಃಖವೆಂಬ ಅರ್ಥ. ಚಟಕ್ಕೂ ದುಃಖಕ್ಕೂ ಒಂದೇ ಪದವಿರುವುದನ್ನು ಭಾಷೆಯ ಗೊಂದಲವೆಂದು ತಳ್ಳಿಹಾಕಬಾರದು. ದುಃಖಕ್ಕೆ ಕುಡಿಯುತ್ತೇನೆಂದು ಅವನು ಹೇಳುತ್ತಾನೆ. ಅವನ ಕುಡಿತವೇ ನಮ್ಮ ದುಃಖವೆಂದು ಮನೆಯವರು ಹೇಳುತ್ತಾರೆ. ಇಬ್ಬರೂ ಒಂದೇ ಪದವನ್ನು ಎರಡು ತುದಿಗಳಿಂದ ಹಿಡಿದಿರುತ್ತಾರೆ. ವ್ಯಸನಿ ತನ್ನಿಂದ ಹೊರಕ್ಕೆ ಎಸೆಯಲ್ಪಟ್ಟವನು, ಸ್ವಸ್ಥ ತನ್ನಲ್ಲಿ ನಿಂತವನು. ಅಲ್ಲಿಂದ ಇಲ್ಲಿಗೆ ಬರುವ ದಾರಿಯನ್ನು ‘ಬಿಡುವುದು’ ಎಂಬ ಒಂದೇ ಕ್ರಿಯಾಪದದಿಂದ ಅಳೆಯಲಾಗದು.

ಬಿಡಲೇಬೇಕೆಂಬುದರಲ್ಲಿ ಮಾತ್ರ ಎರಡು ಮಾತಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಏಕೆಂದರೆ ಪದಗಳ ಛಾಯೆಗಳಲ್ಲಿ ಅಡಗಿಕೊಳ್ಳುವುದು ಕುಡುಕನಿಗೆ ಚೆನ್ನಾಗಿ ಬರುತ್ತದೆ. ಅವನ ಮೆಚ್ಚಿನ ಪದ ‘ಮಿತ’. ಮಿತವೆಂದರೆ ಅಳೆದದ್ದು, ಒಳ್ಳೆಯ ಪದವೇ. ಅಕ್ವಿನಾಸಿನ ಸಂತ ತೋಮಸರು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ‘ಸೋಬ್ರಿಯುಸ್’ ಎಂಬ ಪದವನ್ನು ಅಳತೆ ಎಂಬ ಅರ್ಥದ ‘ಬ್ರಿಯಾ’ ಎಂಬ ಪದದಿಂದಲೇ ಬಂದದ್ದೆಂದು ವಿವರಿಸುತ್ತಾರೆ. ಪದಚರಿತ್ರೆಯ ದೃಷ್ಟಿಯಿಂದ ಅದು ಸರಿಯಲ್ಲ, ಆದರೆ ಆಶಯ ಸ್ಪಷ್ಟ. ದ್ರಾಕ್ಷಾರಸವನ್ನು ಪಾಪವೆಂದು ಧರ್ಮಸಭೆ ಎಂದೂ ಬೋಧಿಸಿಲ್ಲ. ಕಾನಾ ಊರಿನ ಆರು ಕಲ್ಲಿನ ಬಾನೆಗಳನ್ನು ನಾವು ಮರೆಯುವಂತಿಲ್ಲ. ಹೊಟ್ಟೆಯ ತೊಂದರೆಗೆ ಸ್ವಲ್ಪ ದ್ರಾಕ್ಷಾರಸವನ್ನು ಕುಡಿಯೆಂದು ತಿಮೊಥೇಯರಿಗೆ ಪತ್ರದಲ್ಲಿ ಸಲಹೆಯೇ ಇದೆ. ಆದರೆ ಅಳತೆಯ ಪಾತ್ರೆ ಕೈಯಲ್ಲಿ ಉಳಿದಿರುವವನಿಗೆ ಮಾತ್ರ ಮಿತವೆಂಬ ಪದ ಸಲ್ಲುತ್ತದೆ. ಮೊದಲ ಗುಟುಕಿಗೇ ಆ ಪಾತ್ರೆ ಕೈಜಾರುವವನ ಬಾಯಲ್ಲಿ ಅದು ಸುಳ್ಳು. ಅವನಿಗಿರುವ ಪದ ‘ವರ್ಜನ’ವೊಂದೇ. ಧರ್ಮಸಭೆ ಇದನ್ನು ಬಲಿಪೀಠದ ಬಳಿಯೂ ಮನಗಂಡಿದೆ: ಮದ್ಯವ್ಯಸನದಿಂದ ಬಳಲಿದ ಗುರುಗಳು ಬಲಿಪೂಜೆಯಲ್ಲಿ ಹುಳಿಯೇರಿ ಮದ್ಯವಾಗದ ದ್ರಾಕ್ಷಿಯ ರಸವನ್ನು ಬಳಸಲು ಅವರ ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂದು 2003ರಲ್ಲಿ ರೋಮಿನ ವಿಶ್ವಾಸಬೋಧನಾ ಪೀಠ ಎಲ್ಲ ಧರ್ಮಾಧ್ಯಕ್ಷರ ಮಂಡಳಿಗಳಿಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿತು.

ಮಿತಕ್ಕೂ ವರ್ಜನಕ್ಕೂ ನಡುವಿನ ಈ ಜಗ್ಗಾಟ ಇಂಗ್ಲಿಷಿನಲ್ಲೂ ನಡೆದಿದೆ. ‘ಟೆಂಪರೆನ್ಸ್’ ಎಂದರೆ ಹದ, ಮಿತಿ. ಆದರೆ 19ನೆಯ ಶತಮಾನದ ಚಳವಳಿಗಳಲ್ಲಿ ಅದು ಪೂರ್ಣ ವರ್ಜನದ ಹೆಸರಾಯಿತು. 1832ರಲ್ಲಿ ಇಂಗ್ಲೆಂಡಿನ ಪ್ರೆಸ್ಟನ್ ಪಟ್ಟಣದಲ್ಲಿ ಜೋಸೆಫ್ ಲಿವ್ಸಿ ಎಂಬವನೂ ಅವನ ಸಂಗಡಿಗರೂ ಪೂರ್ಣ ವರ್ಜನದ ಪ್ರತಿಜ್ಞೆಗೆ ಸಹಿ ಹಾಕಿದರು. ಮರುವರ್ಷ ಅಲ್ಲಿಯ ಸಭೆಯೊಂದರಲ್ಲಿ ರಿಚರ್ಡ್ ಟರ್ನರ್ ಎಂಬವನು ‘ಪೂರ್ಣ’ ಎಂಬ ಪದದ ಮೊದಲಕ್ಷರವನ್ನೇ ಒತ್ತಿ ಒತ್ತಿ ಹೇಳಿದ್ದರಿಂದ ‘ಟೀಟೋಟಲ್’ ಎಂಬ ಪದ ಜನಪ್ರಿಯವಾಯಿತೆಂದು ಹೇಳುತ್ತಾರೆ. ಟೀ ಮಾತ್ರ ಕುಡಿಯುವವನು ಟೀಟೋಟಲರ್ ಎಂದು ನಂಬಿರುವ ನಮ್ಮ ಬಂಧುಗಳಿಗೆ ಇದರಿಂದ ನಿರಾಸೆಯಾದೀತು. ಗಂಡು ನೋಡುವಾಗ ನಾವು ಬಳಸುವ “ಹುಡುಗ ಬಹಳ ಸೋಬರ್” ಎಂಬ ಮಾತಂತೂ ಕುಡಿತವನ್ನೇ ಕುರಿತದ್ದಲ್ಲ. ಹೆಚ್ಚು ಮಾತಾಡುವುದಿಲ್ಲ, ಗಾಢ ಬಣ್ಣದ ಅಂಗಿ ಹಾಕುವುದಿಲ್ಲ ಎಂಬಷ್ಟೇ ಅದರ ತಾತ್ಪರ್ಯ. ಆ ಮಾತನ್ನು ನಂಬಿ ಮಗಳನ್ನು ಕೊಟ್ಟವರುಂಟು.

ನಮ್ಮ ರಾಜ್ಯದಲ್ಲಿ ‘ಮದ್ಯಪಾನ ಸಂಯಮ ಮಂಡಳಿ’ ಎಂಬ ಸರ್ಕಾರಿ ಮಂಡಳಿಯಿದೆ. ಸಂಯಮವೆಂದರೆ ಲಗಾಮು ಹಿಡಿಯುವುದು. ಹೆಸರನ್ನು ಮುಗ್ಧವಾಗಿ ಓದಿದರೆ ಹಿಡಿತದಲ್ಲಿ ಕುಡಿಯುವುದನ್ನು ಕಲಿಸುವ ಮಂಡಳಿಯೆಂದೂ ಅನಿಸೀತು! ಕರಾವಳಿಯ ಕಡೆ ನಡೆಯುವ ‘ಮದ್ಯವರ್ಜನ ಶಿಬಿರ’ಗಳ ಹೆಸರಿನಲ್ಲಿ ಅಂತಹ ಸಂದಿಗ್ಧವಿಲ್ಲ. ‘ಪಾನನಿರೋಧ’ ಎಂಬುದು ಕಾನೂನಿನ ಮಾತು; 2007ರ ಜುಲೈ ತಿಂಗಳಿನಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು ಆ ಬಗೆಯ ಹೆಜ್ಜೆ. ಕಾನೂನು ಅಂಗಡಿಯನ್ನು ಮುಚ್ಚಬಲ್ಲದು. ಶಿಬಿರ ಬಾಟಲಿಯನ್ನು ಕೈಯಿಂದ ಬಿಡಿಸಬಲ್ಲದು. ಈ ಉಪಕಾರಗಳನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವುಗಳಿಂದ ಉಳಿದ ಜೀವಗಳು ಅನೇಕ. ಆದರೆ ಅವು ಮುಗಿದಲ್ಲಿಂದ ಮನೆಯ ಕಥೆ ಆರಂಭವಾಗುತ್ತದೆ.

ಯೇಸುಸ್ವಾಮಿ ಹೇಳಿದ ಒಂದು ಚಿಕ್ಕ ಸಾಮತಿ ಮತ್ತಾಯರ ಶುಭಸಂದೇಶದ ಹನ್ನೆರಡನೆಯ ಅಧ್ಯಾಯದಲ್ಲಿದೆ. ಒಬ್ಬನಿಂದ ಹೊರಟುಹೋದ ದುರಾತ್ಮ ಎಲ್ಲೆಲ್ಲೋ ಅಲೆದು ಮರಳಿ ಬಂದು ನೋಡಿದರೆ, ತಾನು ಬಿಟ್ಟುಹೋದ ಮನೆ ಗುಡಿಸಿ ಒಪ್ಪವಾಗಿದೆ, ಮತ್ತು ಬರಿದಾಗಿದೆ. ಅದು ತನಗಿಂತ ಕೆಟ್ಟ ಏಳನ್ನು ಕರೆತಂದು ಅಲ್ಲೇ ನೆಲೆಸುತ್ತದೆ. ಕೊಳೆಯಿದ್ದ ಮನೆಗಲ್ಲ, ಗುಡಿಸಿದ ಮನೆಗೇ ಅದು ಬರುತ್ತದೆ ಎಂಬುದನ್ನು ಗಮನಿಸಬೇಕು. ಕುಡಿತ ಬಿಟ್ಟವನ ಒಳಗೆ ದಿನಕ್ಕೆ ನಾಲ್ಕು ಗಂಟೆಗಳು ಖಾಲಿಯಾಗುತ್ತವೆ, ಒಂದು ಗೆಳೆಯರ ಗುಂಪು ಖಾಲಿಯಾಗುತ್ತದೆ, ಪ್ರತಿಯೊಂದು ನೋವಿಗೂ ಇದ್ದ ಒಂದೇ ಔಷಧ ಖಾಲಿಯಾಗುತ್ತದೆ. ಆ ಜಾಗಕ್ಕೆ ಸಿಡುಕು ಬರುತ್ತದೆ, ಸಂಶಯ ಬರುತ್ತದೆ. ‘ನಾನು ಬಿಟ್ಟಿದ್ದೇನೆ, ನೀವು ನನಗೆ ಋಣಿಗಳು’ ಎಂಬ ಹೊಸದೊಂದು ಮದ ಬರುತ್ತದೆ. ಇದು ಮದ್ಯವಿಲ್ಲದ ಮತ್ತು. ಇಂತಹ ಮನೆಯ ಗೃಹಿಣಿಗೆ ದೂರಲೂ ಬಾಯಿಲ್ಲ. ಕುಡಿಯುತ್ತಿದ್ದಾಗ ಊರೆಲ್ಲ ಅವಳ ಪರವಾಗಿತ್ತು, ಈಗ ದೂರಿದರೆ “ಬಿಟ್ಟಿದ್ದಾನಲ್ಲ, ಇನ್ನೇನು ಬೇಕು ನಿನಗೆ?” ಎನ್ನುತ್ತಾರೆ. ಇನ್ನೇನು ಬೇಕೆಂದು ಹೇಳಲು ಅವಳಲ್ಲಿ ಪದವಿಲ್ಲ. ಪದವಿಲ್ಲದ ಬೇಡಿಕೆಯನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.

ಡಬ್ಲಿನ್ನಿನ ಕೂಲಿಗಾರ ಮ್ಯಾಟ್ ಟಾಲ್ಬಟ್ (1856–1925) ಅವರ ಬದುಕಿನಲ್ಲಿ ಆ ಪದ ಸ್ವಲ್ಪ ಕಣ್ಣಿಗೆ ಕಾಣುತ್ತದೆ. ಬಾಲ್ಯದಲ್ಲೇ ಕುಡಿತಕ್ಕೆ ಬಿದ್ದ ಆತ 1884ರಲ್ಲಿ, ತಮ್ಮ 28ನೆಯ ವಯಸ್ಸಿನಲ್ಲಿ, ಕೈಯಲ್ಲಿ ಕಾಸಿಲ್ಲದ ಒಂದು ದಿನ ಗೆಳೆಯರಾರೂ ಕುಡಿಸದೆ ಹೋದಾಗ ಮನೆಗೆ ಮರಳಿ, ಗುರುಗಳೊಬ್ಬರ ಬಳಿ ಕುಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದರು. ಮೊದಲು ಮೂರೇ ತಿಂಗಳಿಗೆ, ಆಮೇಲೆ ಬದುಕಿಡೀ. ಅವರ ಪ್ರಾರ್ಥನೆ, ಉಪವಾಸಗಳ ಕಥೆ ಬಹಳ ಜನರಿಗೆ ಗೊತ್ತು. ನನ್ನನ್ನು ಹೆಚ್ಚು ತಟ್ಟುವುದು ಅವರ ಜೀವನಚರಿತ್ರೆಗಳಲ್ಲಿ ಬರುವ ಬೇರೊಂದು ಸಂಗತಿ. ಕುಡಿತದ ದಿನಗಳಲ್ಲಿ ಅವರೂ ಗೆಳೆಯರೂ ಬೀದಿಯಲ್ಲಿ ಪಿಟೀಲು ಬಾರಿಸಿ ಬದುಕುತ್ತಿದ್ದ ಒಬ್ಬ ಬಡವನ ಪಿಟೀಲನ್ನೇ ಕದ್ದು ಮಾರಿ ಕುಡಿದಿದ್ದರು. ಪ್ರತಿಜ್ಞೆಯ ನಂತರ ಟಾಲ್ಬಟ್ ಆ ಮನುಷ್ಯನನ್ನು ಹುಡುಕುತ್ತ ಡಬ್ಲಿನ್ನಿನಲ್ಲಿ ಅಲೆದರು. ಅವನು ಸಿಗಲಿಲ್ಲ. ಕೊಡಬೇಕೆಂದಿದ್ದ ಹಣದಿಂದ ಅವನಿಗಾಗಿ ಬಲಿಪೂಜೆಗಳನ್ನು ಮಾಡಿಸಿದರು. ಮದ್ಯದಂಗಡಿಗಳ ಹಳೆಯ ಸಾಲಗಳನ್ನೂ ತೀರಿಸಿದರು. ಬಾಟಲಿಯನ್ನು ಬಿಟ್ಟದ್ದು ಒಂದು ದಿನದ ಕೆಲಸ. ಪಿಟೀಲಿನವನನ್ನು ಹುಡುಕುವುದು ಸ್ವಸ್ಥಚಿತ್ತನ ಕೆಲಸ. ಅಮಲಿನಲ್ಲಿದ್ದಾಗ ತಾನು ಯಾರಿಗೆ ಏನು ಮಾಡಿದೆನೆಂಬುದನ್ನು ಕಣ್ತೆರೆದು ನೋಡಬಲ್ಲವನು ಮಾತ್ರ ಅದಕ್ಕೆ ಹೊರಡಬಲ್ಲ. 1975ರಲ್ಲಿ ಧರ್ಮಸಭೆ ಅವರನ್ನು ‘ಪೂಜ್ಯ’ರೆಂದು ಘೋಷಿಸಿತು.

ಈ ಎಲ್ಲ ಪದಗಳೂ ಒಂದೆಡೆ ಸೇರುವ ತಾಣ ಮಾರ್ಕರ ಶುಭಸಂದೇಶದ ಐದನೆಯ ಅಧ್ಯಾಯ. ಗೆರಸೇನರ ನಾಡಿನಲ್ಲಿ ದೆವ್ವಹಿಡಿದ ಒಬ್ಬನು ಸಮಾಧಿಗಳ ನಡುವೆ ವಾಸವಾಗಿದ್ದ. ಇರುಳೂ ಹಗಲೂ ಕೂಗುತ್ತಿದ್ದ, ಕಲ್ಲುಗಳಿಂದ ತನ್ನನ್ನೇ ಗಾಯಗೊಳಿಸಿಕೊಳ್ಳುತ್ತಿದ್ದ. ಊರವರು ಸರಪಳಿ ಬಿಗಿದು ನೋಡಿದ್ದರು. ಅವನು ಅವನ್ನು ಕಿತ್ತೆಸೆದಿದ್ದ. ಅವನನ್ನು ‘ಪಳಗಿಸಲು’ ಯಾರಿಗೂ ಆಗಲಿಲ್ಲ ಎಂದು ಮಾರ್ಕರು ಬರೆಯುತ್ತಾರೆ; ಅವರು ಬಳಸುವ ಗ್ರೀಕ್ ಕ್ರಿಯಾಪದ ನಮ್ಮ ‘ದಮ’ಕ್ಕೆ ಒಡಹುಟ್ಟು. ದಮನ ಸೋತಿತು. ಆಮೇಲೆ ಊರವರು ಬಂದು ಕಂಡಾಗ ಅವನು ಬಟ್ಟೆ ತೊಟ್ಟು ಸುಮ್ಮನೆ ಕುಳಿತಿದ್ದ. ಅವನ ಸ್ಥಿತಿಗೆ ಮಾರ್ಕರು ಹೇಳುವ ಪದ ‘ಸೋಫ್ರೊಸುನೆ’ಯ ಬಳಗದ್ದು. ಪಳಗಿದವನೆಂದು ಅವರು ಬರೆಯಲಿಲ್ಲ, ಸ್ವಸ್ಥನೆಂದು ಬರೆದರು.

ಅವನನ್ನು ಹಾಗೆ ಕಂಡ ಊರವರಿಗೆ ಸಂತೋಷವಾಗಬೇಕಿತ್ತು. ಅವರಿಗೆ ಭಯವಾಯಿತು. ಕೂಗುತ್ತಿದ್ದವನೊಡನೆ ಹೇಗೆ ಬಾಳಬೇಕೆಂಬುದು ಅವರಿಗೆ ರೂಢಿಯಾಗಿತ್ತು: ಸರಪಳಿ ಎಲ್ಲಿದೆ, ಯಾವ ದಾರಿಯಲ್ಲಿ ಹೋಗಬಾರದು, ಮಕ್ಕಳನ್ನು ಎಲ್ಲಿ ಬಚ್ಚಿಡಬೇಕು. ಕುಳಿತಿರುವವನೊಡನೆ ಹೇಗೆ ಬಾಳುವುದು? ಅವನು ಈಗ ಮಾತಾಡಬಲ್ಲ, ಪ್ರಶ್ನೆ ಕೇಳಬಲ್ಲ, ತನ್ನ ಪಾಲಿನ ಜಾಗವನ್ನು ಕೇಳಬಲ್ಲ. ಕುಡುಕನ ಮನೆಯೂ ಹೀಗೆಯೇ ವರ್ಷಗಟ್ಟಲೆ ಅವನ ಅಮಲಿನ ಸುತ್ತ ತನ್ನ ದಿನಚರಿಯನ್ನು ಕಟ್ಟಿಕೊಂಡಿರುತ್ತದೆ. ಹಣದ ಡಬ್ಬಿಯ ಜಾಗ ಬದಲಾಗಿರುತ್ತದೆ, ಹಿರಿಯ ಮಗಳು ತಾಯಿಯಾಗಿರುತ್ತಾಳೆ, ಎಲ್ಲ ತಪ್ಪುಗಳನ್ನೂ ಹೊರಿಸಲು ಒಬ್ಬ ಸಿದ್ಧನಿರುತ್ತಾನೆ. ಅವನು ನಿಜವಾಗಿ ಎಚ್ಚರಗೊಂಡು ಕುಳಿತರೆ ಆ ಲೆಕ್ಕವೆಲ್ಲ ತಪ್ಪುತ್ತದೆ. ಗೆರಸೇನರು ಯೇಸುಸ್ವಾಮಿಯನ್ನು ತಮ್ಮ ಗಡಿಯಿಂದ ಹೊರಟುಹೋಗುವಂತೆ ಬೇಡಿಕೊಂಡರು.

ಆ ಮನುಷ್ಯನೂ ಅವರೊಡನೆ ದೋಣಿ ಹತ್ತಬಯಸಿದ. ಹೊಸ ಊರು, ಹೊಸ ಜನ, ತನ್ನ ಹಿಂದಿನದನ್ನು ಅರಿಯದ ಮುಖಗಳು ಅವನಿಗೆ ಬೇಕಿದ್ದಿರಬೇಕು. ಸ್ವಾಮಿ ಒಪ್ಪಲಿಲ್ಲ. ನಿನ್ನ ಮನೆಗೆ, ನಿನ್ನವರ ಬಳಿಗೆ ಹೋಗು ಎಂದು ಕಳುಹಿಸಿದರು. ಅವನು ದೆಕಪೊಲಿ ನಾಡಿನಲ್ಲೆಲ್ಲ ಸಾರಿದನೆಂದು ಮಾರ್ಕರು ಬರೆದಿದ್ದಾರೆ. ಮೊದಲ ದಿನ ಸಂಜೆ ಅವನು ತನ್ನ ಬಾಗಿಲನ್ನು ತಟ್ಟಿದಾಗ ಒಳಗಿದ್ದವರು ಏನು ಮಾಡಿದರೆಂಬುದನ್ನು ಬರೆದಿಲ್ಲ.